ದೀಪ ಹೆಚ್ಚಾಗಿ ರಾತ್ರಿ ಕಾಣೆಯಾಗಿದೆ

ಮಾಡೆಲ್ ರೈಲಿನ ಹವ್ಯಾಸಿಗಳು ಒಂದೊಂದು ಮಿಲಿಮೀಟರಿಗೂ ಜಗಳ ಕಾಯುವ ಜನ. ಬೋಗಿಯ ಬಣ್ಣ ಆ ವರ್ಷದ್ದೇ ಹೌದೇ, ಎಂಜಿನ್ನಿನ ನಂಬರು ಆ ಶೆಡ್ಡಿಗೆ ಸೇರಿದ್ದೇ, ಹಳಿಯ ನಡುವಿನ ಜಲ್ಲಿಗೆ ಎಣ್ಣೆಯ ಕಲೆ ಎಷ್ಟಿರಬೇಕು ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಎಚ್‌ಒ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ, ಇಳಿಸಿದರೆ ಸುಮಾರು 19.3 ಆಗಬೇಕು, ಅಂಗಡಿಯಲ್ಲಿ ಸಿಗುವ ಟ್ರ್ಯಾಕು 16.5 ಎಂದು ಮನಸ್ಸಿನಲ್ಲೇ ಕೊರಗುವವರಿದ್ದಾರೆ. ಇಷ್ಟು ಕಟ್ಟುನಿಟ್ಟಿನವರು ಕೋಣೆಯ ದೀಪ ಆರಿಸಿ ಲೇಔಟಿಗೆ, ಅಂದರೆ ಮೇಜಿನ ಮೇಲೆ ಕಟ್ಟಿದ ಪುಟ್ಟ ರೈಲು ಊರಿಗೆ, ರಾತ್ರಿ ತಂದ ಕೂಡಲೇ ಎಲ್ಲ ಲೆಕ್ಕವನ್ನೂ ಕೈಬಿಡುತ್ತಾರೆ. ಪ್ರತಿ ಮನೆಯ ಪ್ರತಿ ಕಿಟಕಿಯಲ್ಲಿ ಬೆಳಕು. ಪ್ರತಿ ಹತ್ತು ಸೆಂಟಿಮೀಟರಿಗೊಂದು ಬೀದಿದೀಪ. ತುದಿಯಿಂದ ತುದಿಗೆ ಬೆಳಗುವ ಬೋಗಿಗಳು. ಮೇಲಿನಿಂದ ಇಡೀ ಊರಿನ ಮೇಲೆ ಸುರಿಯುವ ನೀಲಿ ಎಲ್‌ಇಡಿ ಸ್ಟ್ರಿಪ್ಪಿನ ಬೆಳಕು, ಅದರ ಹೆಸರು ಬೆಳದಿಂಗಳು. ನೋಡುವವರು ಬೆರಗಾಗುತ್ತಾರೆ, ಫೋಟೊ ತೆಗೆಯುತ್ತಾರೆ.

ರಾತ್ರಿಯ ದೃಶ್ಯ ಎಂದರೆ ದೀಪಗಳ ದೃಶ್ಯ, ದೀಪ ಹೆಚ್ಚಿದಷ್ಟೂ ಲೇಔಟಿಗೆ ಜೀವ ಎಂಬ ಈ ನಂಬಿಕೆ ತಪ್ಪು. ರಾತ್ರಿಯನ್ನು ಕಟ್ಟಬೇಕಾದದ್ದು ಕತ್ತಲಿನಿಂದ. ದೀಪ ಎಂಬುದು ಆ ಕತ್ತಲಿನೊಳಗೆ ಯಾರೋ ಒಬ್ಬರು, ಯಾವುದೋ ಕೆಲಸಕ್ಕೆ, ಇಂಥ ಹೊತ್ತಿಗೆ ಹಚ್ಚಿಟ್ಟದ್ದು. ಯಾರು, ಏತಕ್ಕೆ, ಯಾವ ಹೊತ್ತಿಗೆ ಎಂಬ ಮೂರಕ್ಕೂ ಉತ್ತರವಿಲ್ಲದ ದೀಪ, ತಪ್ಪು ಬಣ್ಣದ ಬೋಗಿಗಿಂತ ದೊಡ್ಡ ತಪ್ಪು. ತಪ್ಪು ಬೋಗಿ ತಾನೊಂದೇ ಕೆಟ್ಟು ನಿಲ್ಲುತ್ತದೆ. ತಪ್ಪು ದೀಪ ಸುತ್ತಲಿನ ಎಲ್ಲವನ್ನೂ ಕೆಡಿಸುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ದೀಪದಿಂದ ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಎಚ್‌ಒ ಲೇಔಟಿನಲ್ಲಿ ಎಲ್ಲ ದೂರವೂ 87ರಲ್ಲಿ ಒಂದು ಪಾಲು. ಹಾಗಾಗಿ ಎಂಟು ಮೀಟರಿನ ದೀಪದ ಕಂಬ ನಮ್ಮಲ್ಲಿ ಒಂಬತ್ತು ಸೆಂಟಿಮೀಟರು ಚಿಲ್ಲರೆ. ಆ ಪುಟ್ಟ ಕಂಬದ ಕೆಳಗಿನ ನೆಲದ ಮೇಲೆ ನಿಜದ ಬೀದಿಯಲ್ಲಿ ಬೀಳುವಷ್ಟೇ ಬೆಳಕು ಬೀಳಬೇಕಾದರೆ, ಬಲ್ಬಿನಿಂದ ಹೊರಡುವ ಬೆಳಕು 87ರ ವರ್ಗದಷ್ಟು, ಅಂದರೆ 7,569 ಪಟ್ಟು ಕಡಿಮೆಯಾಗಬೇಕು. ಹಳೆಯ 40 ವಾಟಿನ ಬುರುಡೆ ಬಲ್ಬು ಸುಮಾರು 400 ಲೂಮೆನ್ ಬೆಳಕು ಕೊಡುತ್ತಿತ್ತು. ಅದನ್ನು ಲೇಔಟಿನ ಅಳತೆಗೆ ಇಳಿಸಿದರೆ 0.05 ಲೂಮೆನ್. ನಾವು ಹಾಕುವುದೇನು? 12 ವೋಲ್ಟಿನ ಸಪ್ಲೈ, 470 ಓಮ್ ರೆಸಿಸ್ಟರ್, 20 ಮಿಲಿಆಂಪಿಯರಿನ ಹತ್ತಿರ ಉರಿಯುವ ಒಂದು ಬಿಳಿ ಎಲ್‌ಇಡಿ. ಅದು ಕಡಿಮೆಯೆಂದರೂ ಐದು ಲೂಮೆನ್ ಕೊಡುತ್ತದೆ. ಐದನ್ನು 7,569ರಿಂದ ಗುಣಿಸಿ: 37,000ಕ್ಕೂ ಮೇಲೆ. ಒಂದು ಹಳ್ಳಿಮನೆಯ ಜಗಲಿಯಲ್ಲಿ ನಾವು ನೇತುಹಾಕಿರುವುದು ಸ್ಟೇಡಿಯಂಗೆ ಬೇಕಾದ ಫ್ಲಡ್‌ಲೈಟು.

ಸರಿಯಾದ ರೆಸಿಸ್ಟರ್ 470 ಓಮ್ ಅಲ್ಲ, 47,000 ಓಮ್. ಕರೆಂಟು ಕಾಲು ಮಿಲಿಆಂಪಿಯರಿಗೂ ಕಡಿಮೆ. ಈ ಸಂಖ್ಯೆ ಹೇಳಿದರೆ ಬಹಳಷ್ಟು ಮಂದಿ ನಂಬುವುದಿಲ್ಲ. ಆ ಕರೆಂಟಿಗೆ ಎಲ್‌ಇಡಿ ಹೊತ್ತಿಕೊಳ್ಳುವುದೇ ಇಲ್ಲ ಎನ್ನುತ್ತಾರೆ. ಹೊತ್ತಿಕೊಳ್ಳುತ್ತದೆ. ಕೋಣೆ ಕತ್ತಲಾಗಿದ್ದರೆ ಚೆನ್ನಾಗಿಯೇ ಕಾಣುತ್ತದೆ, ಮತ್ತು ಆಗ ಮೊದಲ ಬಾರಿಗೆ ಜಗಲಿಯ ಕಂಬದ ನೆರಳು ಅಂಗಳದ ಮೇಲೆ ಬೀಳುವುದು ಕಾಣುತ್ತದೆ. ಅತಿ ಬೆಳಕಿನಲ್ಲಿ ಆ ನೆರಳು ಇರಲಿಲ್ಲ, ಏಕೆಂದರೆ ಪಕ್ಕದ ಹತ್ತು ದೀಪಗಳು ಅದನ್ನು ಅಳಿಸಿಹಾಕಿದ್ದವು.

ಗೋಧಿಕಾಳಿನಷ್ಟು ದೊಡ್ಡ ಹಳೆಯ ಬಲ್ಬುಗಳ ಕಾಲದಲ್ಲಿ ಈ ರೋಗ ಇಷ್ಟು ಹರಡಿರಲಿಲ್ಲ. ಅವು ಬಿಸಿಯಾಗುತ್ತಿದ್ದವು, ಪ್ಲಾಸ್ಟಿಕ್ಕಿನ ಚಾವಣಿ ಸೊಟ್ಟಗಾಗುತ್ತಿತ್ತು, ಫಿಲಮೆಂಟು ಸುಟ್ಟುಹೋದರೆ ಮನೆಯನ್ನೇ ಕಿತ್ತು ಬದಲಾಯಿಸಬೇಕಿತ್ತು. ಅದಕ್ಕೆ ಹೆದರಿ 12 ವೋಲ್ಟಿನ ಬಲ್ಬನ್ನು ಎಂಟು ವೋಲ್ಟಿಗೆ ಉರಿಸುತ್ತಿದ್ದರು; ಬೆಳಕು ಮಂದವಾಗಿ, ಕೆಂಪಗೆ, ಬೆಂಕಿಯ ಬಣ್ಣಕ್ಕೆ ಹತ್ತಿರವಾಗಿ ಬರುತ್ತಿತ್ತು. ಈಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್‌ಇಡಿಗಳು ಪೊಟ್ಟಣದ ಲೆಕ್ಕದಲ್ಲಿ ಸಿಗುತ್ತವೆ, ವರ್ಷಗಟ್ಟಲೆ ಉರಿಯುತ್ತವೆ, ಬಿಸಿಯಾಗುವುದಿಲ್ಲ. ಅಗ್ಗವಾದದ್ದು, ಕೆಡದೇ ಇರುವಂಥದ್ದು ಕೈಗೆ ಬಂದಾಗ ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಇನ್ನು ಆ ನೀಲಿ ಬೆಳದಿಂಗಳು. ಈ ಹವ್ಯಾಸದಲ್ಲಿ ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ಮೂಢನಂಬಿಕೆ ಇನ್ನೊಂದಿಲ್ಲ. ಚಂದ್ರನಿಂದ ಬರುವುದು ಸೂರ್ಯನದೇ ಬೆಳಕು. ಚಂದ್ರನ ನೆಲ ಡಾಂಬರಿನಷ್ಟು ಕಪ್ಪು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ; ಆ ಬೆಳಕು ಬಿಸಿಲಿಗಿಂತ ಒಂದಿಷ್ಟು ಕೆಂಪು ಬಣ್ಣದ ಕಡೆಗೇ ವಾಲಿರುತ್ತದೆ. ಬೆಳದಿಂಗಳು ನಮಗೆ ನೀಲಿಯಂತೆ ತೋರುವುದಕ್ಕೆ ಕಾರಣ ಆಕಾಶದಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಹತ್ತೊಂಬತ್ತನೇ ಶತಮಾನದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಗಮನಿಸಿದ: ಬೆಳಕು ಕುಗ್ಗಿದಾಗ ಕೆಂಪು ಹೂವು ಕಪ್ಪಾಗುತ್ತದೆ, ಹಸಿರು ಮತ್ತು ನೀಲಿ ಅದಕ್ಕಿಂತ ತಿಳಿಯಾಗಿ ಉಳಿಯುತ್ತವೆ. ಹಗಲಿನಲ್ಲಿ ಕೆಲಸ ಮಾಡುವ ಕೋನ್ ಕೋಶಗಳು ಹಳದಿ ಹಸಿರಿಗೆ, ಸುಮಾರು 555 ನ್ಯಾನೊಮೀಟರಿಗೆ, ಹೆಚ್ಚು ಚುರುಕು. ಇರುಳಿನ ರಾಡ್ ಕೋಶಗಳು 507ರ ಸುತ್ತ. ರಾಡ್‌ಗಳಿಗೆ ಬಣ್ಣ ಗೊತ್ತಾಗುವುದೇ ಇಲ್ಲ.

ಅಂದರೆ ಬೆಳದಿಂಗಳಿನಲ್ಲಿ ನಿಜಕ್ಕೂ ಆಗುವುದು ಬಣ್ಣ ಬರುವುದಲ್ಲ, ಬಣ್ಣ ಹೋಗುವುದು. ನೆತ್ತಿಯ ಮೇಲಿನ ಹುಣ್ಣಿಮೆಯ ಚಂದ್ರ ನೆಲಕ್ಕೆ ಕೊಡುವುದು ಕಾಲು ಲಕ್ಸಿನಷ್ಟು ಬೆಳಕು. ನಡುಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್. ಆ ಕಾಲು ಲಕ್ಸಿನಲ್ಲಿ ಹೆಂಚಿನ ಕೆಂಪು, ಗದ್ದೆಯ ಹಸಿರು, ಬೋಗಿಯ ಮರೂನ್ ಎಲ್ಲ ಬೂದಿಯ ಬೇರೆ ಬೇರೆ ಹದಗಳಾಗಿ ಬಿಡುತ್ತವೆ. ನೀಲಿ ಸ್ಟ್ರಿಪ್ ಹಾಕಿದವನ ಲೇಔಟಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ: ಎಲ್ಲವೂ ಗಾಢ ನೀಲಿಯಲ್ಲಿ ಅದ್ದಿದಂತೆ ಹೊಳೆಯುತ್ತದೆ. ಅದು ಸಿನಿಮಾದವರು ಹಗಲಿನಲ್ಲೇ ರಾತ್ರಿಯ ದೃಶ್ಯ ಚಿತ್ರೀಕರಿಸಲು ಮಾಡಿಕೊಂಡ ಉಪಾಯ. ಅವರಿಗೆ ಬಿಸಿಲನ್ನು ಆರಿಸಲು ಆಗುತ್ತಿರಲಿಲ್ಲ. ನಮ್ಮ ಕೋಣೆಯ ಬಾಗಿಲ ಪಕ್ಕದಲ್ಲೇ ಸ್ವಿಚ್ಚಿದೆ. ಬೆಳದಿಂಗಳು ಬೇಕೇ ಬೇಕೆಂದರೆ ಸಾಧಾರಣ ಬಿಳಿ ಬೆಳಕನ್ನು ಒಂದೇ ದಿಕ್ಕಿನಿಂದ, ಒಂದೇ ಮೂಲದಿಂದ, ನೆರಳು ಚೂಪಾಗಿ ಬೀಳುವಂತೆ, ಕಣ್ಣಿಗೆ ಬಣ್ಣ ತಿಳಿಯದಷ್ಟು ತಗ್ಗಿಸಿ ಹಾಕಿ. ನೀಲಿಯನ್ನು ನೋಡುಗನ ಕಣ್ಣು ತಾನೇ ಸೇರಿಸಿಕೊಳ್ಳುತ್ತದೆ.

ಆದರೆ ನನ್ನ ಮುಖ್ಯ ಆಕ್ಷೇಪ ಭೌತಶಾಸ್ತ್ರದ್ದಲ್ಲ. ದೀಪಕ್ಕೆ ಇತಿಹಾಸವಿದೆ ಎಂಬುದನ್ನು ಮರೆತಿದ್ದೇವೆ ಎಂಬುದೇ ಅದು. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಹಳ್ಳಿಗಳು ಎಷ್ಟೋ ದಶಕ ಕಾದವು. ಸೀಮೆಎಣ್ಣೆ ಬುಡ್ಡಿ, ಲಾಟೀನು, ಪೆಟ್ರೋಮ್ಯಾಕ್ಸು, ಬುರುಡೆ ಬಲ್ಬು, ಟ್ಯೂಬ್‌ಲೈಟು, ಸೋಡಿಯಂ ದೀಪ, ಸಿಎಫ್‌ಎಲ್, ಎಲ್‌ಇಡಿ: ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಬಣ್ಣ, ತನ್ನದೇ ಹರವು, ತನ್ನದೇ ವರ್ಷ. ಸೀಮೆಎಣ್ಣೆಯ ಜ್ವಾಲೆ 1,900 ಕೆಲ್ವಿನಿನ ಆಸುಪಾಸು. ಬುರುಡೆ ಬಲ್ಬು 2,700. ನಮ್ಮ ಮನೆಗಳ ಸಾಮಾನ್ಯ ಟ್ಯೂಬ್‌ಲೈಟು 6,500. ಸೋಡಿಯಂ ದೀಪದ ಕೆಳಗೆ ಕೆಂಪು ಬಸ್ಸು ಕಂದಾಗಿ, ನೀಲಿ ಶರ್ಟು ಕಪ್ಪಾಗಿ ಕಾಣುತ್ತಿತ್ತು. ಭಾರತೀಯ ರೈಲ್ವೆಯ ನಿಲ್ದಾಣಗಳೆಲ್ಲ ಎಲ್‌ಇಡಿಗೆ ಬದಲಾದದ್ದು 2018ರ ಹೊತ್ತಿಗೆ. 1975ರ ಉಗಿ ಎಂಜಿನ್ನು ನಿಲ್ಲಿಸಿದ ಪ್ಲಾಟ್‌ಫಾರ್ಮಿಗೆ ಹಾಲುಬಿಳುಪಿನ ಎಲ್‌ಇಡಿ ಬೆಳಕು ಸುರಿದರೆ, ಆ ಎಂಜಿನ್ನಿನ ಪ್ರತಿ ರಿವೆಟ್ಟನ್ನು ಎಣಿಸಿ ಕೂರಿಸಿದ ಶ್ರಮವೆಲ್ಲ ನೀರುಪಾಲು.

ವರ್ಷದಷ್ಟೇ ಮುಖ್ಯ ಗಂಟೆ. ಸಂಜೆ ಏಳಕ್ಕೆ ಊರಿನ ಮನೆಗಳಲ್ಲಿ ದೀಪವಿದೆ, ಅಂಗಡಿ ತೆರೆದಿದೆ, ಹೋಟೆಲಿನಲ್ಲಿ ಜನರಿದ್ದಾರೆ. ಹತ್ತೂವರೆಗೆ ಅಂಗಡಿಯ ಬಾಗಿಲು ಹಾಕಿದೆ, ಓದುವ ಹುಡುಗನ ಕೋಣೆಯೊಂದು ಉಳಿದಿದೆ. ಬೆಳಗಿನ ಜಾವ ಎರಡಕ್ಕೆ ಸ್ಟೇಷನ್ ಮಾಸ್ಟರ ಕೋಣೆ, ಸಿಗ್ನಲ್ಲು, ಇದ್ದರೆ ಪ್ಲಾಟ್‌ಫಾರ್ಮಿನ ಚಹಾ ಸ್ಟಾಲು, ಅಷ್ಟೇ. ನಾಲ್ಕೂವರೆಗೆ ಹಾಲು ಕರೆಯುವವರ ಕೊಟ್ಟಿಗೆ, ಬಚ್ಚಲೊಲೆಯ ಬೆಂಕಿ. ಎಲ್ಲ ಕಿಟಕಿಗಳೂ ಬೆಳಗುವ ಲೇಔಟಿನಲ್ಲಿ ಈ ನಾಲ್ಕೂ ಹೊತ್ತು ಒಟ್ಟಿಗೆ ನಡೆಯುತ್ತಿವೆ. ಹಾಗಾಗಿ ಯಾವ ಹೊತ್ತೂ ನಡೆಯುತ್ತಿಲ್ಲ. ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಇನ್ನೊಂದು ಸಾಧ್ಯತೆ ಕೈಯಲ್ಲೇ ಇದೆ: ಒಂದು ಫೀಡರಿನ ಬೀದಿ ಪೂರ್ತಿ ಕತ್ತಲು, ಎದುರಿನ ಬೀದಿಯಲ್ಲಿ ಕರೆಂಟು, ಕತ್ತಲ ಬೀದಿಯ ಒಂದೆರಡು ಮನೆಯಲ್ಲಿ ಮೇಣದ ಬತ್ತಿ. ಯಾವ ಲೇಔಟಿನಲ್ಲೂ ನಾನು ಇದನ್ನು ಕಂಡಿಲ್ಲ. ಕರ್ನಾಟಕದ ಯಾವ ಸಣ್ಣ ಊರಿನಲ್ಲೂ ಅದನ್ನು ಕಾಣದವರಿಲ್ಲ.

ಒಂದು ನಿಜವಾದ ಜಾಗವನ್ನು ತೆಗೆದುಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಾಟಿ ಸುಮಾರು 55 ಕಿಲೋಮೀಟರು, 57 ಸುರಂಗ, ಐವತ್ತಕ್ಕೆ ಒಂದರ ಇಳಿಜಾರು. ನಡುವೆ ಎಡಕುಮೇರಿ, ಸುತ್ತ ಕಾಡು ಬಿಟ್ಟರೆ ಏನೂ ಇಲ್ಲದ ಸ್ಟೇಷನ್ನು. ಮೀಟರ್‌ಗೇಜ್ ಕಾಲದ ಎಡಕುಮೇರಿಯನ್ನು ರಾತ್ರಿ ತೋರಿಸಬೇಕು ಎಂದಿಟ್ಟುಕೊಳ್ಳಿ. ಪ್ರಚಲಿತ ಪಾಠದ ಪ್ರಕಾರ ಹೋದರೆ ಸ್ಟೇಷನ್ನಿಗೆ ಹತ್ತು ಕಂಬ ದೀಪ, ಕಾಡಿಗೆ ನೀಲಿ, ಸುರಂಗದ ಬಾಯಿಗೊಂದು ಅಲಂಕಾರದ ದೀಪ. ಸುರಂಗದ ಬಾಯಿಗೆ ಯಾರು ದೀಪ ಹಾಕಿದ್ದರು? ಆ ಕಾಡಿನ ರಾತ್ರಿಯ ಸತ್ಯ ಬೇರೆ. ಮೇಜಿನ ನೂರರಲ್ಲಿ ತೊಂಬತ್ತು ಪಾಲು ಕಾರ್ಗತ್ತಲು. ಮರಗಳು ಕಾಣುವುದಿಲ್ಲ, ಆಕಾಶಕ್ಕೂ ಬೆಟ್ಟಕ್ಕೂ ನಡುವಿನ ಗೆರೆ ಮಾತ್ರ ಕಾಣುತ್ತದೆ, ಅದೂ ಹಿನ್ನೆಲೆಯ ಹಲಗೆಗೆ ಬಲು ಮಂದವಾದ ಬೆಳಕು ಕೊಟ್ಟರೆ. ಸ್ಟೇಷನ್ನಿನ ಬಾಗಿಲಿನಿಂದ ಪ್ಲಾಟ್‌ಫಾರ್ಮಿನ ಮೇಲೆ ಚಾಚಿದ ಒಂದು ಹಳದಿ ಚೌಕ. ದೂರದಲ್ಲಿ ಕೆಂಪು ಚುಕ್ಕಿ, ಸಿಗ್ನಲ್ಲು. ಆಮೇಲೆ ರೈಲು ಬರುತ್ತದೆ. ಡೀಸೆಲ್ ಎಂಜಿನ್ನಿನ ಹೆಡ್‌ಲೈಟು ಎಂಜಿನ್ನಿಗಿಂತ ಮೊದಲೇ ಬರುತ್ತದೆ: ಮೊದಲು ಸುರಂಗದ ಒಳಗೋಡೆ ತೇವದಿಂದ ಮಿನುಗುತ್ತದೆ, ಆಮೇಲೆ ಹಳಿಯ ಎರಡು ಗೆರೆಗಳು ಹೊಳೆಯುತ್ತವೆ, ತಿರುವಿನಲ್ಲಿ ಬೆಳಕು ಎದುರಿನ ಮರಗಳನ್ನು ಒಂದೊಂದಾಗಿ ಸವರಿಕೊಂಡು ಹೋಗುತ್ತದೆ. ಅಲ್ಲಿಯವರೆಗೆ ಕತ್ತಲಲ್ಲಿದ್ದ ಮರಗಳಿಗೆ ಅದೇ ಅವುಗಳ ಕ್ಷಣ. ಸುರಂಗದೊಳಗಿನ ಗೋಡೆಗೆ ಕಲ್ಲಿನ ಮೈ ಕೊಟ್ಟು, ಹೊಳಪಿನ ವಾರ್ನಿಷ್ ಬಳಿದು, ಹೆಡ್‌ಲೈಟಿನ ಎಲ್‌ಇಡಿಯನ್ನು ಸರಿಯಾದ ಕೋನಕ್ಕೆ ತಿರುಗಿಸಿದರೆ ಇಷ್ಟೂ ಸಾಧ್ಯ. ನೀಲಿ ಸ್ಟ್ರಿಪ್ಪಿನ ಕೆಳಗೆ ಇದರಲ್ಲಿ ಒಂದೂ ಸಾಧ್ಯವಿಲ್ಲ, ಏಕೆಂದರೆ ಹೆಡ್‌ಲೈಟಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ರೈಲಿನವರೇ ರೈಲಿನ ದೀಪಗಳನ್ನು ತಪ್ಪಾಗಿ ಹಾಕುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ. ಕಂಬದ ಮೇಲೆ ಆಡುವ ಕೈಯಿಂದ ಸೂಚನೆ ಕೊಡುತ್ತಿದ್ದ ಹಳೆಯ ಸೆಮಾಫೋರ್ ಸಿಗ್ನಲ್ಲನ್ನೇ ನೋಡಿ. ಬ್ರಿಟಿಷ್ ಮಾದರಿಯಲ್ಲಿ ಕೈಯ ಬುಡದ ಚೌಕಟ್ಟಿನಲ್ಲಿ ಕೂರಿಸುತ್ತಿದ್ದ ಎರಡು ಗಾಜುಗಳಲ್ಲಿ ಒಂದು ಕೆಂಪು, ಇನ್ನೊಂದು ನೀಲಿ ಛಾಯೆಯದು. ಹಸಿರಲ್ಲ. ಅದರ ಹಿಂದಿದ್ದದ್ದು ಸೀಮೆಎಣ್ಣೆಯ ಹಳದಿ ಜ್ವಾಲೆ. ಹಳದಿ ಬೆಳಕು ನೀಲಿ ಗಾಜನ್ನು ಹಾದು ಬಂದಾಗ ಡ್ರೈವರಿಗೆ ಹಸಿರು ಕಾಣುತ್ತಿತ್ತು. ಆ ಹಸಿರು ಮಬ್ಬು, ಸ್ವಲ್ಪ ಬಿಳಿಚಿದ್ದು, ಗಾಳಿಗೆ ಅಲುಗುವಂಥದ್ದು. ನಾವು ಅಲ್ಲಿ ಕೂರಿಸುವ ಹಸಿರು ಎಲ್‌ಇಡಿ ಇಂದಿನ ನಗರದ ಟ್ರಾಫಿಕ್ ಸಿಗ್ನಲಿನದು. ಕೈ ಅಡ್ಡಲಾಗಿದ್ದಾಗ ಆ ದೀಪದ ಹಿಂಬದಿಯ ಸಣ್ಣ ಕಿಂಡಿಯಿಂದ ಒಂದು ಬಿಳಿ ಚುಕ್ಕಿ ಸ್ಟೇಷನ್ನಿನ ಕಡೆಗೆ ಕಾಣುತ್ತಿತ್ತು, ಕತ್ತಲಲ್ಲಿ ದೀಪ ಉರಿಯುತ್ತಿದೆ ಎಂದು ಒಳಗಿದ್ದವರಿಗೆ ತಿಳಿಯಲಿ ಎಂದು. ಆ ಚುಕ್ಕಿಯನ್ನು ತೋರಿಸುವ ಮಾಡೆಲು ಬಲು ಅಪರೂಪ.

ಬೋಗಿಗಳ ಕತೆ ಇನ್ನೂ ದುಃಖದ್ದು. ಒಳಗೆ ಬಿಳಿ ಸ್ಟ್ರಿಪ್ ಅಂಟಿಸಿ ಇಡೀ ಎಕ್ಸ್‌ಪ್ರೆಸ್ಸನ್ನು ಬೆಳಗಿಸಿ ಓಡಿಸುತ್ತಾರೆ. ಸ್ಲೀಪರ್ ಬೋಗಿಯಲ್ಲಿ ರಾತ್ರಿ ಪ್ರಯಾಣ ಮಾಡಿದ ಪ್ರತಿಯೊಬ್ಬರಿಗೂ ಗೊತ್ತು: ಹತ್ತು ಗಂಟೆ ದಾಟಿದರೆ ದೊಡ್ಡ ದೀಪ ಆರುತ್ತದೆ, ಉಳಿಯುವುದು ನೀಲಿ ರಾತ್ರಿದೀಪ. ಕಿಟಕಿಯ ಶಟರು ಇಳಿದಿರುತ್ತದೆ. ಬಾಗಿಲ ಹತ್ತಿರದ, ಶೌಚಾಲಯದ ದೀಪ ಉರಿಯುತ್ತಿರುತ್ತದೆ. ಎಲ್ಲೋ ಒಂದು ಮೇಲಿನ ಬರ್ತಿನಲ್ಲಿ ಓದುತ್ತಿರುವವರ ಬೆಳಕು. ಅಂಥ ರೈಲು ಸ್ಟೇಷನ್ನನ್ನು ಹಾದುಹೋದರೆ ಹೊರಗಿನವರಿಗೆ ಕಾಣುವುದು ಉದ್ದನೆಯ ಕಪ್ಪು ಗೋಡೆ, ಅದರಲ್ಲಿ ಅಲ್ಲಲ್ಲಿ ಕಿಂಡಿ, ಕೊನೆಗೆ ಗಾರ್ಡಿನ ಬೋಗಿಯ ಕೆಂಪು ದೀಪ. ಇನ್ನೂ ಹಿಂದಕ್ಕೆ ಹೋದರೆ ಬೋಗಿಯ ದೀಪಕ್ಕೆ ಕರೆಂಟು ಬರುತ್ತಿದ್ದದ್ದು ಗಾಲಿಯ ಅಚ್ಚಿಗೆ ಬೆಲ್ಟು ಕಟ್ಟಿದ ಡೈನಮೊದಿಂದ, 24 ವೋಲ್ಟಿನ ಬ್ಯಾಟರಿಗಳ ಆಸರೆಯಲ್ಲಿ. ರೈಲು ನಿಂತಾಗ ದೀಪ ಸೊರಗುತ್ತಿತ್ತು, ಓಡತೊಡಗಿದಾಗ ಚೇತರಿಸುತ್ತಿತ್ತು. ಇವತ್ತಿನ ಡಿಸಿಸಿ ಡಿಕೋಡರಿನಲ್ಲಿ, ಅಂದರೆ ಮಾಡೆಲಿನೊಳಗೆ ಕೂರಿಸುವ ಡಿಜಿಟಲ್ ನಿಯಂತ್ರಕದಲ್ಲಿ, ದೀಪದ ಪ್ರಖರತೆಯನ್ನು ಏರಿಸಿ ಇಳಿಸುವುದು ಸಾಧ್ಯ. ಎಂಜಿನ್ನಿನ ಹಾರ್ನಿನ ಸದ್ದಿಗೆ ಸಾವಿರಾರು ರೂಪಾಯಿ ಕೊಡುವವರು ಇದನ್ನು ಕೇಳಿಯೂ ನೋಡುವುದಿಲ್ಲ.

ಎದುರು ಪಕ್ಷದವರ ವಾದಗಳು ನನಗೆ ಗೊತ್ತು. ಮೊದಲನೆಯದು ಗಟ್ಟಿಯಾದದ್ದೇ: ಪ್ರದರ್ಶನಕ್ಕೆ ಬರುವವರು ಹೊರಗಿನ ಬಿಸಿಲಿನಿಂದ ಬರುತ್ತಾರೆ, ಅವರ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಐದು ನಿಮಿಷದಲ್ಲಿ ಮುಂದಿನ ಮೇಜಿಗೆ ಹೋಗುತ್ತಾರೆ, ನಿಮ್ಮ ಕಾಲು ಮಿಲಿಆಂಪಿಯರಿನ ದೀಪ ಯಾರಿಗೆ ಕಾಣಬೇಕು? ಒಪ್ಪುತ್ತೇನೆ, ಪ್ರದರ್ಶನದಲ್ಲಿ ಎಲ್ಲವನ್ನೂ ಏರಿಸಬೇಕು. ಆದರೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಏರಿಸಿ. ಲಾಟೀನು, ಬಲ್ಬು, ಹೆಡ್‌ಲೈಟು ಇವುಗಳ ನಡುವಿನ ಅನುಪಾತವೇ ರಾತ್ರಿ. ಹತ್ತು ಪಟ್ಟು ಹೆಚ್ಚಿಸಿದರೂ ಲಾಟೀನು ಬಲ್ಬಿಗಿಂತ ಮಂದವಾಗಿಯೇ ಉಳಿಯಬೇಕು, ಬಲ್ಬು ಹೆಡ್‌ಲೈಟಿನ ಮುಂದೆ ಮಂಕಾಗಬೇಕು, ಕಾಡು ಕಾಡಾಗಿಯೇ ಇರಬೇಕು. ಇವತ್ತಿನ ಲೇಔಟುಗಳಲ್ಲಿ ಬುಡ್ಡಿ ದೀಪಕ್ಕೂ ಹೆಡ್‌ಲೈಟಿಗೂ ಒಂದೇ ಎಲ್‌ಇಡಿ, ಒಂದೇ ರೆಸಿಸ್ಟರು. ಅದಕ್ಕೆ ಪ್ರೇಕ್ಷಕರ ಕಣ್ಣನ್ನು ದೂರಿ ಪ್ರಯೋಜನವಿಲ್ಲ. ಜೊತೆಗೆ, ಕೋಣೆಯ ಬೆಳಕನ್ನು ಒಮ್ಮೆಲೇ ಆರಿಸದೆ ಮೂರು ನಾಲ್ಕು ನಿಮಿಷ ಮುಸ್ಸಂಜೆ ತಂದರೆ ಕಣ್ಣು ಅರ್ಧದಷ್ಟಾದರೂ ಅಣಿಯಾಗುತ್ತದೆ.

ಎರಡನೆಯವರು ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡನ್ನು ತೋರಿಸುತ್ತಾರೆ. 2001ರಲ್ಲಿ ತೆರೆದ ಆ ಬೃಹತ್ ಲೇಔಟಿನಲ್ಲಿ ಲಕ್ಷಗಟ್ಟಲೆ ದೀಪಗಳಿವೆ, ಸುಮಾರು ಕಾಲು ಗಂಟೆಗೊಮ್ಮೆ ಹಗಲು ರಾತ್ರಿಯಾಗುತ್ತದೆ, ಜಗತ್ತೇ ನೋಡಲು ಬರುತ್ತದೆ. ಬರಲಿ, ನೋಡಬೇಕಾದದ್ದೇ. ಆದರೆ ಅಲ್ಲಿಂದ ಕಲಿಯಬೇಕಾದದ್ದು ದೀಪಗಳ ಸಂಖ್ಯೆಯಲ್ಲ. ಅಲ್ಲಿ ಬೆಳಕನ್ನು ಕಂಪ್ಯೂಟರು ನಡೆಸುತ್ತದೆ, ಹಗಲು ಹಂತಹಂತವಾಗಿ ಇಳಿಯುತ್ತದೆ, ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ನಮ್ಮವರು ಅಲ್ಲಿಂದ ತಂದದ್ದು ಎಣಿಕೆ, ಬಿಟ್ಟುಬಂದದ್ದು ನಿಯಂತ್ರಣ. ಪುಣೆಯ ಕೋಥ್ರೂಡಿನಲ್ಲಿ 1998ರಲ್ಲಿ ಶುರುವಾದ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ಮಿನಲ್ಲೂ ಪ್ರೇಕ್ಷಕರ ಎದುರೇ ಕೋಣೆಯ ದೀಪ ಇಳಿಸಿ ರಾತ್ರಿ ತರುತ್ತಾರೆ. ಆ ಇಳಿಯುವ ಹೊತ್ತಿನಲ್ಲಿ ಮಕ್ಕಳು ಗದ್ದಲ ನಿಲ್ಲಿಸಿ ನೋಡುತ್ತಾರೆ. ಮಕ್ಕಳಿಗೆ ಝಗಮಗ ಮಾತ್ರ ಬೇಕು ಎನ್ನುವವರು ಇದನ್ನು ಗಮನಿಸಲಿ. ಕತ್ತಲಾಗುವುದನ್ನು ನೋಡುವ ಕುತೂಹಲ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು.

ಮೂರನೆಯವರು ಫೋಟೊಗ್ರಫಿಯ ಹೆಸರು ಹೇಳುತ್ತಾರೆ: ಕತ್ತಲಿದ್ದರೆ ಮೊಬೈಲಿನಲ್ಲಿ ಏನೂ ಬರುವುದಿಲ್ಲ. ಇವರಿಗೆ ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ ಉತ್ತರ. 1955ರಿಂದ 1960ರವರೆಗೆ ಆತ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೆಯ ಉಗಿ ಎಂಜಿನ್ನುಗಳನ್ನು ರಾತ್ರಿಯ ಹೊತ್ತು ಚಿತ್ರಿಸಿದ, ರೈಲು ಹಾದುಹೋಗುವ ಒಂದೇ ಕ್ಷಣಕ್ಕೆ ಫ್ಲ್ಯಾಷ್ ಬಲ್ಬುಗಳ ಸಾಲನ್ನೇ ಉರಿಸಿ. ಆತನಷ್ಟು ಬೆಳಕನ್ನು ರೈಲಿನ ಮೇಲೆ ಸುರಿದವರು ಕಡಿಮೆ. ಆದರೂ ಆ ಚಿತ್ರಗಳಲ್ಲಿ ರಾತ್ರಿ ರಾತ್ರಿಯಾಗಿಯೇ ಇದೆ, ಏಕೆಂದರೆ ಪ್ರತಿ ಬಲ್ಬು ಎಲ್ಲಿಗೆ ತಲುಪಬೇಕು, ಎಲ್ಲಿಗೆ ತಲುಪಬಾರದು ಎಂದು ಆತ ಮೊದಲೇ ನಿರ್ಧರಿಸಿದ್ದ. ಬಿಳಿಯ ಹೊಗೆಯ ಹಿಂದಿನ ಆಕಾಶವನ್ನು ಕಪ್ಪಾಗಿಯೇ ಬಿಟ್ಟ. ಮೊಬೈಲಿನ ನೈಟ್ ಮೋಡಿಗಾಗಿ ಲೇಔಟು ಕಟ್ಟುವವರು ಆ ಚಿತ್ರಗಳ ಮುಂದೆ ಒಂದು ಸಂಜೆ ಕೂರಬೇಕು.

ನನ್ನ ಲೇಔಟು, ನನ್ನ ಇಷ್ಟ ಎನ್ನುವವರೂ ಇದ್ದಾರೆ. ಅವರ ಇಷ್ಟಕ್ಕೆ ನನ್ನ ಅಡ್ಡಿಯಿಲ್ಲ; ಜಾತ್ರೆಯ ರಾತ್ರಿಯನ್ನೋ ದೀಪಾವಳಿಯನ್ನೋ ಕಟ್ಟಿದರೆ ಸಾಲು ದೀಪ ಬೇಕೇ ಬೇಕು. ನನ್ನ ತಕರಾರು ಇರುವುದು ಎಲ್ಲೆಡೆ ದೀಪ ತುಂಬುವುದನ್ನೇ ವಾಸ್ತವ ಎಂದು ಹೊಸಬರಿಗೆ ಕಲಿಸುವುದರ ಬಗ್ಗೆ. ಮೊದಲ ಲೇಔಟು ಕಟ್ಟುವ ಹುಡುಗ ಹುಡುಗಿಯರಿಗೆ ನಾವು ಕೊಡುವ ಪಾಠ ಬದಲಾಗಲಿ. ಮನೆಗಳ ಒಳಗೋಡೆಗೆ ಮೊದಲು ಕಪ್ಪು ಬಳಿಯಲಿ, ಇಲ್ಲವಾದರೆ ತೆಳು ಪ್ಲಾಸ್ಟಿಕ್ ಗೋಡೆಯೇ ಹೊಳೆಯುತ್ತದೆ. ಮನೆಯೊಳಗೆ ರಟ್ಟಿನ ಅಡ್ಡಗೋಡೆ ಕಟ್ಟಲಿ, ಒಂದು ಕೋಣೆಯ ದೀಪ ಇನ್ನೊಂದು ಕೋಣೆಗೆ ಹೋಗದಂತೆ. ವಾರ್ಮ್ ವೈಟ್ ಎಂದು ಮಾರುವ ಎಲ್‌ಇಡಿಯ ಒಳಗೂ ನೀಲಿಯೇ ಉರಿಯುತ್ತದೆ, ಫಾಸ್ಫರಿನ ಪದರ ಅದನ್ನು ಹಳದಿಗೆ ತಿರುಗಿಸುತ್ತದೆ. ಲಾಟೀನಿನ ಬೆಳಕು ಬೇಕಾದರೆ ಅದರ ಮೇಲೆ ಪಾರದರ್ಶಕ ಕಿತ್ತಳೆ ಬಣ್ಣ ಹಚ್ಚಲಿ. ಪ್ರತಿ ದೀಪಕ್ಕೂ ಬೇರೆ ರೆಸಿಸ್ಟರ್ ಹಾಕಿ ನೋಡಲಿ, ಪ್ರಯೋಗ ಮಾಡುವಾಗ ಪೊಟೆನ್ಷಿಯೋಮೀಟರ್ ಇಟ್ಟುಕೊಳ್ಳಲಿ. ದೀಪ ಜೋಡಿಸುವ ಮುಂಚೆ ಒಂದು ಹಾಳೆಯಲ್ಲಿ ಊರಿನ ಮನೆಗಳನ್ನೆಲ್ಲ ಬರೆದು, ಆ ಗಂಟೆಗೆ ಯಾರು ಎಚ್ಚರವಿದ್ದಾರೆ ಎಂದು ಗುರುತು ಹಾಕಲಿ. ಗುರುತಿಲ್ಲದ ಮನೆಗೆ ತಂತಿ ಬೇಡ.

ಕ್ಲಬ್ಬುಗಳಿಗೂ ಪ್ರದರ್ಶನ ನಡೆಸುವವರಿಗೂ ನನ್ನ ಬೇಡಿಕೆ ಒಂದೇ. ರಾತ್ರಿಯ ದೃಶ್ಯಕ್ಕೆ ಬಹುಮಾನ ಕೊಡುವುದಿದ್ದರೆ ಅರ್ಜಿಯಲ್ಲಿ ಎರಡು ಖಾನೆ ಸೇರಿಸಿ: ಯಾವ ವರ್ಷ, ಎಷ್ಟು ಗಂಟೆ. ಆ ಎರಡನ್ನೂ ಲೇಔಟಿನ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಲಿ. ತೀರ್ಪುಗಾರರು ಆ ಚೀಟಿಯನ್ನು ಓದಿ, ಆಮೇಲೆ ಉರಿಯುತ್ತಿರುವ ಒಂದೊಂದು ದೀಪವನ್ನೂ ತೋರಿಸಿ ಕಟ್ಟಿದವರನ್ನು ಕೇಳಲಿ, ಇದನ್ನು ಹಚ್ಚಿದ್ದು ಯಾರು ಎಂದು.